ಮೂರು ನಿಮಿಷ ಮಾತು, ಅರ್ಧ ಗಂಟೆ ಪ್ರಶ್ನೆ

2000ದ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯಕ್ಕೆ ಭೀಕರ ಬರ ಬಿತ್ತು. ನೀರು ಉಳಿಸಲು ಸ್ನಾನದ ಹೊತ್ತನ್ನು ಅಳೆದುಕೊಳ್ಳಿ ಎಂದು ಜನರನ್ನು ಕೇಳಿಕೊಳ್ಳಲಾಯಿತು. ಎಷ್ಟೋ ಮನೆಗಳ ಬಚ್ಚಲ ಗೋಡೆಗೆ ಮೂರು ನಿಮಿಷದ ಟೈಮರ್ ಬಂತು. ಅದನ್ನು ನೋಡಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿದ್ದ ಅಲನ್ ಲಾಸನ್ ಅವರಿಗೆ ಒಂದು ಯೋಚನೆ ಹೊಳೆಯಿತು: ಪಿಎಚ್‌.ಡಿ. ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಇಷ್ಟೇ ಹೊತ್ತಿನಲ್ಲಿ ಹೇಳಿದರೆ ಹೇಗೆ? ಹೀಗೆ 2008ರಲ್ಲಿ ‘ಥ್ರೀ ಮಿನಿಟ್ ಥೀಸಿಸ್’ ಸ್ಪರ್ಧೆ ಶುರುವಾಯಿತು. ಅಲುಗಾಡದ ಒಂದೇ ಸ್ಲೈಡ್, ಕೈಯಲ್ಲಿ ಯಾವ ಸಾಮಗ್ರಿಯೂ ಇಲ್ಲ, ಮೂರು ನಿಮಿಷ ದಾಟಿದರೆ ಸ್ಪರ್ಧೆಯಿಂದ ಹೊರಗೆ. ಇಂದು ಜಗತ್ತಿನ 900ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಲ್ಲಿ ಇದು ನಡೆಯುತ್ತದೆ.

ಸ್ಪರ್ಧೆಗೆಂದು ಹುಟ್ಟಿದ ಈ ಪದ್ಧತಿಯ ಅಗತ್ಯ ಹವಾಮಾನ ಮತ್ತು ಪರಿಸರ ವಿಜ್ಞಾನದವರಿಗೆ ಉಳಿದವರಿಗಿಂತ ಹೆಚ್ಚು. ಅವರ ಪ್ರಯೋಗಾಲಯವೆಂದರೆ ಜನ ಬದುಕುವ ಜಾಗವೇ. ಕೋಲಾರದ ಕೊಳವೆಬಾವಿಯ ನೀರಿನ ಮಟ್ಟ, ಶಿರಸಿಯ ಅಡಿಕೆ ತೋಟದ ಮಣ್ಣು, ಬೆಂಗಳೂರಿನ ಕೆರೆಯ ನೊರೆ, ಕೊಡಗಿನ ಇಳಿಜಾರು ಇವನ್ನೆಲ್ಲ ಅಳೆದು ಬರೆದ ಪ್ರಬಂಧ ಇಂಗ್ಲಿಷ್ ಜರ್ನಲ್‌ನಲ್ಲಿ ಅಚ್ಚಾಗುತ್ತದೆ. ಬಾವಿ ಅಳೆಯಲು ಬಿಟ್ಟ ರೈತನಿಗೆ, ಕೊನೆಗೆ ಏನು ತಿಳಿದುಬಂತು ಎಂದು ಹೇಳುವವರಿರುವುದಿಲ್ಲ. ಆ ಕೆಲಸ ಮಾಡಬೇಕೆನ್ನುವ ಸಂಶೋಧನಾ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ, ಇಂಥ ಮಾತುಗಳನ್ನು ಏರ್ಪಡಿಸುವ ಕಾಲೇಜು, ಪಂಚಾಯಿತಿ, ಎನ್‌ಎಸ್‌ಎಸ್ ಘಟಕಗಳಿಗೆ ಈ ಬರಹ. ನನ್ನ ಒತ್ತಾಯ ಇಷ್ಟು: ಮಾತು ಚಿಕ್ಕದಾಗಿರಲಿ, ಪ್ರಶ್ನೆಗೆ ಅದರ ಹತ್ತರಷ್ಟು ಹೊತ್ತು ಇರಲಿ, ಮೊದಲ ಮಾತು ಅಳತೆ ತೆಗೆದುಕೊಂಡ ಊರಿನಲ್ಲೇ ಆಗಲಿ.

ಒಂದು ಮಾತಿಗೆ ಒಂದೇ ಸಂಗತಿ

ಹವಾಮಾನ ವಿಜ್ಞಾನದ ಇತಿಹಾಸದಲ್ಲಿ ಕಿರು ಮಂಡನೆಗೆ ಒಳ್ಳೆಯ ಮಾದರಿ 1856ರಷ್ಟು ಹಿಂದೆಯೇ ಇದೆ. ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಉಷ್ಣಮಾಪಕ ಇಟ್ಟು, ಬಿಸಿಲಿಗೆ ಒಡ್ಡಿದರು. ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಉಳಿದವಕ್ಕಿಂತ ಹೆಚ್ಚು ಕಾಯಿತು. ನೆರಳಿಗೆ ತಂದ ಮೇಲೂ ತಣ್ಣಗಾಗಲು ಎಷ್ಟೋ ಪಟ್ಟು ಹೆಚ್ಚು ಹೊತ್ತು ಹಿಡಿಯಿತು. ವಾತಾವರಣದಲ್ಲಿ ಈ ಅನಿಲ ಜಾಸ್ತಿಯಾಗಿದ್ದರೆ ಭೂಮಿ ಇನ್ನಷ್ಟು ಬಿಸಿಯಾಗಿರುತ್ತಿತ್ತು ಎಂದು ಅವರು ತೀರ್ಮಾನಿಸಿದರು. ಆಲ್ಬನಿಯಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ಅವರ ಪರವಾಗಿ ಜೋಸೆಫ್ ಹೆನ್ರಿ ಇದನ್ನು ಓದಿದರು. ಅಚ್ಚಿನಲ್ಲಿ ಅದು ಎರಡು ಪುಟವನ್ನೂ ತುಂಬಲಿಲ್ಲ.

ಅದರ ಕ್ರಮವನ್ನು ಗಮನಿಸಿ. ಏನು ಇಟ್ಟೆ, ಏನು ಕಂಡೆ, ಅದರಿಂದ ಏನು ಗೊತ್ತಾಗುತ್ತದೆ, ಇಷ್ಟೇ. ನಮ್ಮ ಸಂಶೋಧಕರು ಜನರ ಮುಂದೆ ನಿಂತಾಗ ಇದನ್ನು ತಿರುಗಿಸಿಬಿಡುತ್ತಾರೆ. ಮೊದಲು ಜಾಗತಿಕ ತಾಪಮಾನದ ಪೀಠಿಕೆ, ಆಮೇಲೆ ಹಿಂದಿನವರು ಮಾಡಿದ ಕೆಲಸ, ಆಮೇಲೆ ವಿಧಾನ. ತಾವು ಕಂಡದ್ದನ್ನು ಹೇಳುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ಮೂರು ನಿಮಿಷದಲ್ಲಿ ಪೀಠಿಕೆಗೆ ಜಾಗವಿಲ್ಲ. ನಿಮ್ಮ ಐದು ವರ್ಷದ ಕೆಲಸದಲ್ಲಿ ಹತ್ತು ಫಲಿತಾಂಶ ಇರಬಹುದು; ಎದುರಿಗೆ ಕೂತವರ ಬದುಕಿಗೆ ತಾಗುವ ಒಂದನ್ನು ಆರಿಸಿ, ಉಳಿದ ಒಂಬತ್ತನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಮೊದಲ ವಾಕ್ಯಕ್ಕೇ ಒಂದು ಉದಾಹರಣೆ ನೋಡೋಣ. ಒಬ್ಬ ವಿದ್ಯಾರ್ಥಿ ಹೀಗೆ ಶುರುಮಾಡುತ್ತಾನೆ ಎಂದಿಟ್ಟುಕೊಳ್ಳಿ: “ನನ್ನ ಸಂಶೋಧನೆಯು ಅರೆಶುಷ್ಕ ಪ್ರದೇಶಗಳಲ್ಲಿನ ಮುಂಗಾರಿನ ಕಾಲಿಕ ವೈಪರೀತ್ಯದ ಸಾಂಖ್ಯಿಕ ವಿಶ್ಲೇಷಣೆಗೆ ಸಂಬಂಧಿಸಿದ್ದಾಗಿದೆ.” ತಪ್ಪೇನಿಲ್ಲ, ಆದರೆ ಸಭೆ ಅಲ್ಲೇ ಕೈತಪ್ಪಿತು. ಅದೇ ಹುಡುಗ ಹೀಗೆ ಹೇಳಿದರೆ: “ಈ ವರ್ಷ ಎರಡು ಸಲ ಬಿತ್ತನೆ ಮಾಡಿದವರು ಯಾರಾದರೂ ಇದ್ದೀರಾ? ಮೊದಲ ಮಳೆಗೆ ಬಿತ್ತಿದ ಮೇಲೆ ಇನ್ನೊಂದು ಹದ ಮಳೆ ಬರಲು ಎಷ್ಟು ದಿನ ಹಿಡಿಯುತ್ತಿದೆ ಅಂತ ನಿಮ್ಮ ಹೋಬಳಿಯ ಮೂವತ್ತು ವರ್ಷದ ಲೆಕ್ಕ ತೆಗೆದು ನೋಡಿದೆ.” ವಿಷಯ ಎರಡರಲ್ಲೂ ಒಂದೇ. ಎರಡನೆಯದರಲ್ಲಿ ಮುಂದೇನು ಎಂದು ಕೇಳುವವರು ಕಾದಿರುತ್ತಾರೆ.

ಅಳತೆಯನ್ನು ಹೊಲಕ್ಕೆ ತನ್ನಿ

ಮಿಲಿಮೀಟರ್, ಪಿಪಿಎಂ, ಹೆಕ್ಟೇರ್ ಇವು ಲ್ಯಾಬಿನಲ್ಲಿ ಚೆನ್ನ. ಹಳ್ಳಿಯಲ್ಲಿ ಅವನ್ನು ಒಡೆದು ಹೇಳಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಒಂದು ಎಕರೆಯಲ್ಲಿ ಸುಮಾರು 4,047 ಚದರ ಮೀಟರ್. ಹಾಗಾಗಿ 25 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಇಂಚು ಮಳೆಗೆ ಎಕರೆಗೆ ಒಂದು ಲಕ್ಷ ಲೀಟರ್ ಬಿದ್ದ ಹಾಗೆ. ಈ ಲೆಕ್ಕ ಹೇಳಿದ ಕೂಡಲೇ ಜನ ತಮ್ಮ ಜಮೀನಿನ ಲೆಕ್ಕ ತಾವೇ ಹಾಕಲು ಶುರುಮಾಡುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮುಂದಾದರೆ ಇಂಚು, ಸೆಂಟ್ಸ್‌ನಲ್ಲೇ ಮಾತಾಡಿ; ನೂರು ಸೆಂಟ್ಸ್‌ಗೆ ಒಂದು ಇಂಚು. ಎಷ್ಟೋ ತೋಟಗಳಲ್ಲಿ ಅಜ್ಜನ ಕಾಲದಿಂದ ಆ ಲೆಕ್ಕದ ಮಳೆ ಪುಸ್ತಕ ಇರುತ್ತದೆ. ನಿಮ್ಮ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ನೋಡುವ ಅವಕಾಶವನ್ನು ಯಾವ ಸಂಶೋಧಕನೂ ಕಳೆದುಕೊಳ್ಳಬಾರದು.

ಇನ್ನೊಂದು ಉಪಾಯ, ನನಗೆ ತುಂಬ ಇಷ್ಟವಾದದ್ದು, ಮಳೆ ನಕ್ಷತ್ರಗಳ ಲೆಕ್ಕ. ಜೂನ್ ಮೊದಲ ವಾರ, ಜುಲೈ ಮೂರನೇ ವಾರ ಎಂದರೆ ಬಯಲುಸೀಮೆಯ ಹಿರಿಯರಿಗೆ ಅಷ್ಟು ಹತ್ತುವುದಿಲ್ಲ. ಅವರ ಮಳೆಗಾಲ ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ಸಾಗುತ್ತದೆ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮೇ ಕೊನೆಯ ವಾರದಲ್ಲಿ ಹುಟ್ಟಿದರೆ ಮೃಗಶಿರ ಜೂನ್ 7ರ ಸುಮಾರಿಗೆ, ಆರಿದ್ರಾ ಜೂನ್ 21ರ ಸುಮಾರಿಗೆ. ಇದು ಸೂರ್ಯನ ಲೆಕ್ಕವಾದ್ದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖು ಬರುತ್ತದೆ. ಅಂದಮೇಲೆ ದಿನದಿನದ ಮಳೆಯ ಅಂಕಿಗಳನ್ನು ವಾರ, ತಿಂಗಳ ಬದಲು ನಕ್ಷತ್ರವಾರು ಕೂಡಿಸುವುದು ಕಂಪ್ಯೂಟರಿನಲ್ಲಿ ಐದು ನಿಮಿಷದ ಕೆಲಸ. ಆರಿದ್ರಾ ಮಳೆ ಹಿಂದಿನ ಮೂವತ್ತು ವರ್ಷಕ್ಕೆ ಹೋಲಿಸಿದರೆ ಈಗ ಎಷ್ಟು ಎಂಬ ಒಂದೇ ಚಿತ್ರ ಮುಂದಿಟ್ಟರೆ, ಸಭೆಯ ಎಂಬತ್ತು ವರ್ಷದ ಅಜ್ಜನೂ ನಿಮ್ಮೊಡನೆ ವಾದಕ್ಕೆ ಇಳಿಯುತ್ತಾನೆ. ಅದಕ್ಕೆ ಬೇಕಾದ ಮಾಹಿತಿಯೂ ನಮ್ಮಲ್ಲಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತಾನಾಗಿ ಮಾಹಿತಿ ಕಳಿಸುವ ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿದೆ. ಇಷ್ಟು ದಟ್ಟವಾದ ಜಾಲ ದೇಶದಲ್ಲೇ ಅಪರೂಪ. ಇವು ಬಂದು ಬಹಳ ವರ್ಷವಾಗಿಲ್ಲವಾದ್ದರಿಂದ ಹಳೆಯ ಅಂಕಿಗಳಿಗೆ ತಾಲ್ಲೂಕು, ಹೋಬಳಿಯ ಹಿಂದಿನ ಮಳೆ ದಾಖಲೆಗಳನ್ನು ಹುಡುಕಬೇಕಾಗುತ್ತದೆ.

ರೈತರ ಪ್ರಶ್ನೆಯಿಂದಲೇ ಸಂಶೋಧನೆ ಹೊರಟರೆ ಏನಾಗುತ್ತದೆ ಎನ್ನುವುದಕ್ಕೂ ಇಲ್ಲೇ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮುಂಗಾರು ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಅನಂತಪುರ, ಪಾವಗಡ ಸೀಮೆಯ ಮಳೆಯಾಶ್ರಿತ ಕಡಲೆಕಾಯಿಯನ್ನು ತೆಗೆದುಕೊಂಡರು. ಯಾವಾಗ ಬಿತ್ತಿದರೆ ಬೆಳೆ ಕೈಗೆ ಬರುವ ಸಂಭವ ಹೆಚ್ಚು ಎಂದು ದಶಕಗಳ ಮಳೆ ಲೆಕ್ಕ ಮತ್ತು ಬೆಳೆಯ ಗಣಿತ ಮಾದರಿಯನ್ನು ಜೋಡಿಸಿ ನೋಡಿದರು. ಆ ಕೆಲಸ 2002ರಲ್ಲಿ ಪ್ರಕಟವಾಯಿತು. ಬಿತ್ತನೆಯ ದಿನ ರೈತನೇ ತೀರ್ಮಾನಿಸುವಂಥದ್ದು. ಮಾದರಿ ಉತ್ತರ ಕೊಡಬೇಕಾದ್ದು ಆ ತೀರ್ಮಾನಕ್ಕೆ. ನಿಮ್ಮ ಮೂರು ನಿಮಿಷದ ಮಾತಿಗೆ ಸಂಗತಿ ಆರಿಸುವಾಗಲೂ ಇದನ್ನೇ ಕೇಳಿಕೊಳ್ಳಿ: ಇದನ್ನು ಕೇಳಿದವರು ನಾಳೆ ಯಾವ ತೀರ್ಮಾನದಲ್ಲಿ ಇದನ್ನು ಬಳಸಬಹುದು?

ಎಷ್ಟು ಖಚಿತ, ಎಲ್ಲಿಯವರೆಗೆ

ಕಿರು ಮಾತಿನ ದೊಡ್ಡ ಅಪಾಯ ಇದು. ಸಮಯ ಕಡಿಮೆ ಎಂದು ‘ಬಹುಶಃ’ಗಳನ್ನು ಕತ್ತರಿಸಿಬಿಡುತ್ತೇವೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿಗಳಲ್ಲಿ ಸಂಭವ ಹೇಳುವ ಪ್ರತಿ ಪದಕ್ಕೂ ಲೆಕ್ಕವಿದೆ. ‘ಸಂಭವನೀಯ’ ಎಂದರೆ ಕನಿಷ್ಠ 66%, ‘ತುಂಬ ಸಂಭವನೀಯ’ ಎಂದರೆ ಕನಿಷ್ಠ 90%, ‘ಬಹುತೇಕ ಖಚಿತ’ ಎಂದರೆ ಕನಿಷ್ಠ 99%. ಆದರೆ ಡೇವಿಡ್ ಬುಡೆಸ್ಕು ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದುಗರು ‘ತುಂಬ ಸಂಭವನೀಯ’ ಎಂಬುದನ್ನು ಆ 90ಕ್ಕಿಂತ ಸಾಕಷ್ಟು ಕೆಳಗೇ ಅರ್ಥಮಾಡಿಕೊಂಡದ್ದು ಕಂಡುಬಂತು. ಪದದ ಜೊತೆಗೇ ಅಂಕಿ ಕೊಟ್ಟಾಗ ತಿಳಿವಳಿಕೆ ಸುಧಾರಿಸಿತು. ಆದ್ದರಿಂದ ಜನರೆದುರು ‘ಹತ್ತರಲ್ಲಿ ಒಂಬತ್ತು ಪಾಲು’, ‘ಮೂರರಲ್ಲಿ ಎರಡು ಪಾಲು’ ಎಂದೇ ಹೇಳಿ. ರೂಪಾಯಿಗೆ ಎಷ್ಟಾಣೆ ಭರವಸೆ ಎಂದು ಲೆಕ್ಕ ಹಾಕುವ ಅಭ್ಯಾಸ ನಮ್ಮ ಜನಕ್ಕೆ ಮೊದಲಿಂದಲೂ ಇದೆ.

ಎಲ್ಲಿಯ ಫಲಿತಾಂಶ ಎಂಬುದನ್ನೂ ಬಿಡಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೀವು ಎಲ್ಲಾದರೂ ಕೇಳಿರಬಹುದು. 1950ರಿಂದ 2015ರ ನಡುವೆ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ ಎಂಬುದು ಅದರ ಫಲಿತಾಂಶ. ವೇದಿಕೆಯ ಮೇಲೆ ಹೇಳಲು ಇದು ಬಲು ಸೊಗಸಾದ ವಾಕ್ಯ. ಆದರೆ ಅದು ಮಧ್ಯ ಭಾರತದ ಲೆಕ್ಕ. ಕರ್ನಾಟಕ ಅವರು ಆರಿಸಿಕೊಂಡ ಪ್ರದೇಶದ ಹೊರಗಿದೆ. ಹಾವೇರಿಯಲ್ಲಿ ನಿಂತು ಅದನ್ನು ಹಾವೇರಿಯ ಮಳೆ ಎಂಬಂತೆ ಹೇಳಿದರೆ, ಸಭೆಯಲ್ಲಿ ಮಳೆ ಲೆಕ್ಕ ಇಟ್ಟ ಒಬ್ಬರು ಎದ್ದು ನಿಂತರೂ ಸಾಕು, ನೀವು ಹೇಳಿದ ಉಳಿದ ನಿಜಗಳ ಮೇಲೂ ಅನುಮಾನ ಬೀಳುತ್ತದೆ. ಎಲ್ಲ ಕಡೆಗೂ ಸಲ್ಲುವ ಭೌತ ನಿಯಮವನ್ನು ಬೇಕಾದರೆ ಧೈರ್ಯವಾಗಿ ಹೇಳಿ: ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿಯಬಲ್ಲದು, ಹಾಗಾಗಿ ಸುರಿಯುವಾಗ ಒಮ್ಮೆಲೇ ಜೋರಾಗಿ ಸುರಿಯುವ ಸಂಭವ ಹೆಚ್ಚುತ್ತದೆ. ಅದು ನಮ್ಮೂರಿನ ಅಂಕಿಗಳಲ್ಲಿ ಕಂಡಿದೆಯೇ ಇಲ್ಲವೇ ಎಂಬುದನ್ನು ಬೇರೆಯಾಗಿ, ಆಮೇಲೆ ಹೇಳಿ.

ಚಿತ್ರ ಒಂದು ಸಾಕು. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ 2018ರಲ್ಲಿ ಮಾಡಿದ ತಾಪಮಾನದ ಪಟ್ಟಿಗಳಲ್ಲಿ ಅಂಕಿಯಿಲ್ಲ, ಗೆರೆಯಿಲ್ಲ. ವರ್ಷಕ್ಕೊಂದು ಪಟ್ಟಿ, ತಂಪಿಗೆ ನೀಲಿ, ಬಿಸಿಗೆ ಕೆಂಪು. ಅದರಷ್ಟು ಸರಳವಾದ ಚಿತ್ರ ನಿಮ್ಮ ಕೆಲಸದಲ್ಲೂ ಇರುತ್ತದೆ, ಹುಡುಕಬೇಕು. ಕೆಂಪು ಮತ್ತು ಹಸಿರನ್ನು ಅಕ್ಕಪಕ್ಕ ಹಾಕಬೇಡಿ, ಆ ವ್ಯತ್ಯಾಸ ಕಾಣದವರು ಪ್ರತಿ ಸಭೆಯಲ್ಲೂ ಇರಬಹುದು. ಕರೆಂಟು ಹೋಗುತ್ತದೆ ಎಂದುಕೊಂಡೇ ಸಿದ್ಧರಾಗಿ. ಅದೇ ಚಿತ್ರವನ್ನು ಫ್ಲೆಕ್ಸ್ ಅಥವಾ ಬಟ್ಟೆಯ ಮೇಲೆ ದೊಡ್ಡದಾಗಿ ಮುದ್ರಿಸಿ ಸುತ್ತಿಕೊಂಡು ಹೋದರೆ ಪ್ರೊಜೆಕ್ಟರ್ ಹಂಗೇ ಇರುವುದಿಲ್ಲ.

ಮಲೆನಾಡಿನಲ್ಲಿ ಮೊದಲು ಹೇಳಬೇಕಾದ್ದು

ಪಶ್ಚಿಮ ಘಟ್ಟದ ಊರುಗಳಲ್ಲಿ ಪರಿಸರ ಸಂಶೋಧಕ ಎಂದರೆ ಜನ ಮೊದಲು ಸಂಶಯದಿಂದ ನೋಡುತ್ತಾರೆ, ಅದಕ್ಕೆ ಕಾರಣವೂ ಇದೆ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ ತನ್ನ ವರದಿಯನ್ನು 2011ರಲ್ಲಿ ಸರ್ಕಾರಕ್ಕೆ ಕೊಟ್ಟಿತು. ಅದು ಸಾರ್ವಜನಿಕರ ಕೈಗೆ ಸಿಕ್ಕಿದ್ದು 2012ರಲ್ಲಿ, ಮಾಹಿತಿ ಹಕ್ಕಿನ ಹೋರಾಟದ ನಂತರ. ಸ್ಥಳೀಯ ಭಾಷೆಗಳಲ್ಲಿ ಜನರಿಗೆ ತಲುಪಿಸಿ ಗ್ರಾಮಸಭೆಗಳಲ್ಲಿ ಚರ್ಚಿಸಬೇಕು ಎಂದು ಗಾಡ್ಗೀಳ್ ಹೇಳುತ್ತಲೇ ಬಂದರು. ಆ ಕೆಲಸ ಆಗಬೇಕಾದ ಹೊತ್ತಿನಲ್ಲಿ ಆಗಲಿಲ್ಲ. ವರದಿಯಲ್ಲಿ ಏನಿದೆ ಎಂದು ತಿಳಿಯುವ ಮೊದಲೇ ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಮನೆಮನೆ ಹೊಕ್ಕಿತು. ಆ ವರದಿಯನ್ನು ಮರುಪರಿಶೀಲಿಸಿದ ಕಸ್ತೂರಿರಂಗನ್ ಸಮಿತಿಯ 2013ರ ವರದಿ ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸಿದ ಮೇಲಂತೂ ಆ ಭಯ ಇನ್ನೂ ಗಟ್ಟಿಯಾಯಿತು. ವಿಜ್ಞಾನಿಗಳ ಮಾತು ಜನರಿಗೆ ನೇರವಾಗಿ ತಲುಪದೇ ಹೋದರೆ ಎಷ್ಟು ನಷ್ಟ ಎನ್ನುವುದನ್ನು ಈ ಒಂದು ಪ್ರಕರಣ ನಮಗೆ ತೋರಿಸಿದೆ, ಅದರ ನೋವು ಇನ್ನೂ ಹೋಗಿಲ್ಲ.

ಆದ್ದರಿಂದ ಸೊರಬ, ಸಾಗರ, ಸಕಲೇಶಪುರ, ಜೋಯಿಡಾ ಕಡೆ ಮಾತಿಗೆ ನಿಂತರೆ ವಿಜ್ಞಾನಕ್ಕೆ ಮೊದಲು ಮೂರು ವಿಷಯ ಸ್ಪಷ್ಟವಾಗಿ ಹೇಳಿ. ನಾನು ಯಾರು, ಯಾವ ವಿಶ್ವವಿದ್ಯಾಲಯದಿಂದ ಬಂದೆ. ನನ್ನ ಕೆಲಸಕ್ಕೆ ಹಣ ಎಲ್ಲಿಂದ ಬಂತು. ನಾನು ತೆಗೆದುಕೊಂಡ ಅಳತೆ ಯಾರ ಕೈಗೆ ಹೋಗುತ್ತದೆ. ನಿಮ್ಮ ಮೂರು ನಿಮಿಷದಲ್ಲಿ ಮೂವತ್ತು ಸೆಕೆಂಡು ಇದಕ್ಕೇ ಹೋದರೂ ಚಿಂತೆಯಿಲ್ಲ. ಬೆಟ್ಟದ ಸೊಪ್ಪು ತರುವವರ ಮುಂದೆ ಸೊಪ್ಪಿನ ಬೆಟ್ಟದ ಇಂಗಾಲದ ಲೆಕ್ಕ ಹೇಳುವುದಾದರೆ, ಸೊಪ್ಪು ತರುವುದನ್ನು ನಿಲ್ಲಿಸಿ ಎನ್ನಲು ನಾನು ಬಂದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಅದು ನಿಜವಾಗಿದ್ದರೆ ಮಾತ್ರ ಹೇಳಿ.

ಪ್ರಶ್ನೆಯ ಹೊತ್ತು

ಯುರೋಪಿನ ಭೂವಿಜ್ಞಾನಿಗಳ ಒಕ್ಕೂಟ ವಿಯೆನ್ನಾದ ತನ್ನ ವಾರ್ಷಿಕ ಸಮ್ಮೇಳನದಲ್ಲಿ 2013ರಿಂದ ‘ಪಿಕೊ’ ಎಂಬ ಗೋಷ್ಠಿ ನಡೆಸುತ್ತಿದೆ. ಅದರಲ್ಲಿ ಒಬ್ಬೊಬ್ಬರಿಗೆ ಎರಡೇ ನಿಮಿಷ. ಎಲ್ಲರ ಮಾತೂ ಮುಗಿದ ಮೇಲೆ ಒಬ್ಬೊಬ್ಬ ಸಂಶೋಧಕ ತನ್ನ ಪರದೆಯ ಬಳಿ ಹೋಗಿ ನಿಲ್ಲುತ್ತಾನೆ. ಕೇಳುಗರು ತಮಗೆ ಬೇಕಾದವರ ಬಳಿ ಹೋಗಿ ಉಳಿದ ಹೊತ್ತೆಲ್ಲ ಚರ್ಚಿಸುತ್ತಾರೆ. ನಮ್ಮ ಊರುಗಳಿಗೆ ಹೊಂದುವ ಏರ್ಪಾಡು ಇದೇ ಎಂದು ನನ್ನ ಬಲವಾದ ನಂಬಿಕೆ. ನಾಲ್ವರು ಸಂಶೋಧಕರು ಮೂರು ಮೂರು ನಿಮಿಷ ಮಾತಾಡಲಿ. ಆಮೇಲೆ ಶಾಲೆಯ ಅಂಗಳದ ನಾಲ್ಕು ಮೂಲೆಯಲ್ಲಿ ನಾಲ್ಕು ಚಾಪೆ ಹಾಸಿ, ಅರ್ಧ ಗಂಟೆ ಜನರ ನಡುವೆ ಕೂರಲಿ. ಮೈಕಿನಲ್ಲಿ ಪ್ರಶ್ನೆ ಕೇಳಿ ಎಂದರೆ ಕೇಳುವವರು ಪಂಚಾಯಿತಿ ಅಧ್ಯಕ್ಷರು, ನಿವೃತ್ತ ಮೇಷ್ಟ್ರು, ಮತ್ತಿಬ್ಬರು. ಚಾಪೆಯ ಮೇಲಾದರೆ ಹೆಣ್ಣುಮಕ್ಕಳು ಮಾತಾಡುತ್ತಾರೆ, ಕುಡಿಯುವ ನೀರಿನ ವಿಷಯದಲ್ಲಿ ಅವರಿಗಿಂತ ಹೆಚ್ಚು ಬಲ್ಲವರು ಯಾರೂ ಇಲ್ಲ.

ಕೆಲವು ಪ್ರಶ್ನೆ ಎಲ್ಲ ಕಡೆಯೂ ಬರುತ್ತವೆ, ಉತ್ತರ ಸಿದ್ಧವಿರಲಿ. “ಈ ಸಲ ಚಳಿ ಇಷ್ಟು ಜಾಸ್ತಿ, ನೀವು ಬಿಸಿಯಾಗ್ತಿದೆ ಅಂತೀರಲ್ಲ?” ಎಂದರೆ, ಒಂದು ವರ್ಷದ ಮಾತು ಬೇರೆ, ಮೂವತ್ತು ವರ್ಷದ ಸರಾಸರಿಯ ಮಾತು ಬೇರೆ; ನಾವು ಹೇಳುವುದು ಎರಡನೆಯದನ್ನು. ಓಝೋನ್ ಪದರ ತೂತಾದದ್ದರಿಂದ ಭೂಮಿ ಬಿಸಿಯಾಗುತ್ತಿದೆ ಎನ್ನುವವರು ವಿದ್ಯಾವಂತರಲ್ಲೂ ಇದ್ದಾರೆ. ಅವೆರಡೂ ಬೇರೆ ಸಮಸ್ಯೆ ಎಂದು ಸಮಾಧಾನದಿಂದ ಬಿಡಿಸಿ ಹೇಳಿ. “ನಮ್ಮ ಬೋರ್‌ವೆಲ್‌ನಲ್ಲಿ ನೀರು ಬರುತ್ತಾ?” ಎಂಬ ಪ್ರಶ್ನೆ ಬಯಲುಸೀಮೆಯಲ್ಲಿ ಬಂದೇ ಬರುತ್ತದೆ. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಇರುವುದು ಮೇಲಿನ ಸವೆದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಹತ್ತು ಮಾರು ಪಕ್ಕಕ್ಕೆ ಸರಿದರೂ ಉತ್ತರ ಬದಲಾಗಬಹುದು ಎಂದು ವಿವರಿಸಿ, ಜಾಗ ತೋರಿಸಲು ಮಾತ್ರ ಹೋಗಬೇಡಿ. ಬೆಳೆ ವಿಮೆ, ಪರಿಹಾರದ ಪ್ರಶ್ನೆ ಬಂದರೆ ಅದು ನನ್ನ ಕೆಲಸವಲ್ಲ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಯನ್ನು ಮೊದಲೇ ಕರೆದು ಕೂರಿಸಿದ್ದರೆ ಅಲ್ಲೇ ಉತ್ತರ ಸಿಗುತ್ತದೆ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎನ್ನಿ, ಕೇಳಿದವರ ಹೆಸರು ಬರೆದುಕೊಳ್ಳಿ, ಉತ್ತರ ಹುಡುಕಿ ಕಳಿಸಿ. ಕಳಿಸುವುದನ್ನು ಮರೆತರೆ ಇಡೀ ಕಾರ್ಯಕ್ರಮವೇ ದಂಡ.

ಏರ್ಪಾಡು ಮಾಡುವವರಿಗೆ

ಹೊತ್ತು ನೋಡಿ. ಬಿತ್ತನೆ, ಕಟಾವಿನ ವಾರಗಳಲ್ಲಿ ಬೇಡ. ಸಂಜೆ ಡೇರಿಗೆ ಹಾಲು ಹಾಕುವ ವೇಳೆಯಲ್ಲಿ ಸಭೆ ಇಟ್ಟರೆ ಯಾರೂ ಬರುವುದಿಲ್ಲ. ಹಾಲು ಹಾಕಿ ಮುಗಿದ ಕೂಡಲೇ ಡೇರಿಯ ಮುಂದೆಯೇ ಇಟ್ಟರೆ ಕರೆಯದೆಯೂ ಜನ ಸೇರಿರುತ್ತಾರೆ. ಸನ್ಮಾನ, ಸ್ವಾಗತ ಭಾಷಣ, ಹಾರ ತುರಾಯಿಗಳಿಗೆ ಜಾಗವಿಲ್ಲ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ಮೂರು ನಿಮಿಷದ ಮಾತುಗಾರನನ್ನು ಐದು ನಿಮಿಷ ಪರಿಚಯಿಸುವುದು ಅನ್ಯಾಯ. ಸಮಯ ನೋಡಲು ಹೈಸ್ಕೂಲಿನ ಒಬ್ಬ ಹುಡುಗಿಗೆ ಗಂಟೆ ಕೊಟ್ಟು ಕೂರಿಸಿ, ಹೊಡೆದ ಮೇಲೆ ಪ್ರೊಫೆಸರ್ ಆದರೂ ನಿಲ್ಲಿಸಲೇಬೇಕು.

ಸಂಶೋಧಕರಿಗೆ ಅಭ್ಯಾಸ ಬೇಕೇ ಬೇಕು. ಇಡೀ ಮಾತನ್ನು ಬರೆಯಿರಿ. ಕನ್ನಡದ ಪದಗಳು ಉದ್ದ. 250ರಿಂದ 300 ಪದಕ್ಕೆ ಮೂರು ನಿಮಿಷ ತುಂಬುತ್ತದೆ, ಇಂಗ್ಲಿಷ್ ಪ್ರತಿಯನ್ನು ನೋಡಿ ಲೆಕ್ಕ ಹಾಕಿದರೆ ಎಡವುತ್ತೀರಿ. ಬರೆದದ್ದನ್ನು ಬೇರೆ ವಿಭಾಗದ ಗೆಳೆಯನಿಗೆ, ಮನೆಯಲ್ಲಿ ಅಮ್ಮನಿಗೋ ಅತ್ತೆಗೋ ಹೇಳಿ, ‘ನಾನು ಏನು ಹೇಳಿದೆ?’ ಎಂದು ಕೇಳಿ. ಅವರು ಹೇಳುವ ಒಂದು ವಾಕ್ಯ ನೀವು ಹೇಳಬೇಕೆಂದಿದ್ದ ವಾಕ್ಯವೇ ಆಗಿದ್ದರೆ ಮಾತು ತಯಾರು. ಕನ್ನಡದಲ್ಲಿ ವಿಜ್ಞಾನ ಹೇಳುವ ದಾರಿ ಹೊಸದೇನಲ್ಲ. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳು ಲೈಬ್ರರಿಯಲ್ಲಿ ಸಿಗುತ್ತವೆ, ಮಾತು ಬರೆಯುವ ಮೊದಲು ಒಂದು ವಾರ ಓದಿ.

ಮಾತನ್ನು ಧ್ವನಿಮುದ್ರಿಸಿಕೊಳ್ಳುವುದನ್ನು ಮರೆಯಬೇಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂತೆ ಸಮುದಾಯ ಬಾನುಲಿ ಇರುವ ಕಡೆ ಅದು ಹಾಗೆಯೇ ಪ್ರಸಾರಕ್ಕೆ ಸಲ್ಲುತ್ತದೆ. ಇಲ್ಲದ ಕಡೆ ಊರಿನ ವಾಟ್ಸ್‌ಆಪ್ ಗುಂಪುಗಳಿವೆ, ಮೂರು ನಿಮಿಷದ ಆಡಿಯೊವನ್ನು ಜನ ಪೂರ್ತಿ ಕೇಳುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು. ಈ ಆಡಿಯೊಗಳು ವರ್ಷಗಟ್ಟಲೆ ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಒಂದು ಬರಗಾಲದ ವರ್ಷದ ಮಳೆ ಲೆಕ್ಕ ಇನ್ನಾವುದೋ ವರ್ಷದ ಮುನ್ಸೂಚನೆಯ ವೇಷದಲ್ಲಿ ಬಂದು ಯಾರದೋ ಬಿತ್ತನೆ ಕೆಡಿಸಬಹುದು. ಅದಕ್ಕಾಗಿ ಧ್ವನಿಮುದ್ರಣದ ಶುರುವಿನಲ್ಲೇ, ಮಾತಿಗೆ ಮೊದಲು, ನಿಮ್ಮ ಹೆಸರು, ಊರು, ತಾರೀಖು, ವರ್ಷ, ಮತ್ತು ಇದು ಯಾವ ತಾಲ್ಲೂಕಿನ ಯಾವ ವರ್ಷಗಳ ಲೆಕ್ಕ ಎಂಬುದನ್ನು ಬಾಯಲ್ಲೇ ಹೇಳಿ. ಕಳಿಸುವಾಗ ಕೆಳಗೆ ಟೈಪ್ ಮಾಡಿದ್ದು ಮುಂದಿನ ಕೈಗೆ ಹೋಗುವಾಗ ಉದುರಿಹೋಗುತ್ತದೆ, ಬಾಯಲ್ಲಿ ಹೇಳಿದ್ದು ಆಡಿಯೊದ ಜೊತೆಗೇ ಹೋಗುತ್ತದೆ.